ಅಲಗಿನ ಅಳತೆ: ಬೇಟೆಯ ಚಾಕು, ಬಯಲಿನ ಮಚ್ಚು

ಹೊಲ, ತೋಟ, ಕಾಡುಗಳಲ್ಲಿ ಬಳಸುವ ಕೈ ಅಲಗು ಎಷ್ಟು ಉದ್ದ, ಎಷ್ಟು ದಪ್ಪ, ಎಷ್ಟು ತೂಕ ಇರಬೇಕೆಂಬುದನ್ನು ಅದರಿಂದ ಮಾಡುವ ಕೆಲಸ ತೀರ್ಮಾನಿಸುತ್ತದೆ. ಪೇಟೆಯಲ್ಲಿ ಇಂದು ‘ಬೇಟೆ ಚಾಕು’ ಎಂದು ಮಾರಾಟವಾಗುವುದು ಹೆಚ್ಚಾಗಿ ಆರೇಳು ಅಂಗುಲದ, ಬೆನ್ನಿಗೆ ಗರಗಸದ ಹಲ್ಲು ಕೊರೆದ, ನೋಡಲು ಭಯ ಹುಟ್ಟಿಸುವ ಅಲಗು. ಬೇಟೆಯಾಡಿ ಬದುಕಿದವರು ಇಂಥದನ್ನು ನೆಚ್ಚಿದ್ದು ಕಡಿಮೆ. ಅವರಲ್ಲಿ ಬಹುಪಾಲು ಜನ ಇಟ್ಟುಕೊಂಡಿದ್ದು ಎರಡು ಅಲಗು: ತೊಗಲು, ಮಾಂಸಗಳಿಗೆ ಗಿಡ್ಡದೊಂದು, ಮರ, ಮುಳ್ಳು, ಮೂಳೆಗಳಿಗೆ ಉದ್ದನೆಯದೊಂದು. ನಡುಗಾತ್ರದ ಅಲಗು ಎರಡೂ ಕೆಲಸವನ್ನು ಅರೆಬರೆಯಾಗಿ ಮಾಡುತ್ತದೆ. ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಹಳ್ಳಿಗಳಲ್ಲಿ ಬೇಟೆ ಕಾನೂನಿನಿಂದ ನಿಂತಿದ್ದರೂ ಚಾಕು ಮತ್ತು ಮಚ್ಚಿನ ಈ ಜೋಡಿ ಹಾಗೇ ಉಳಿದಿದೆ. ಅಳತೆಯ ತರ್ಕವನ್ನು ಅರಿಯಲು ಇಲ್ಲಿನ ತೋಟ, ಕುಲುಮೆ, ಹಬ್ಬದ ಬಾಡಿನ ಕೊರಡು ಇವೇ ಒಳ್ಳೆಯ ಉದಾಹರಣೆಗಳು.

ಸೀಮೆ

ಊರ್ಡಿಗೆರೆ ತುಮಕೂರು ತಾಲ್ಲೂಕಿನ ಹೋಬಳಿ ಕೇಂದ್ರಗಳಲ್ಲಿ ಒಂದು. ಪಕ್ಕದಲ್ಲೇ ಸಮುದ್ರಮಟ್ಟದಿಂದ ಸುಮಾರು 3,900 ಅಡಿ ಎತ್ತರದ ದೇವರಾಯನದುರ್ಗ. ಬೆಟ್ಟವನ್ನು ಸುತ್ತಿರುವ ಕುರುಚಲು ಕಾಡಿನಲ್ಲಿ ಚಿರತೆ, ಕರಡಿ, ಕಾಡುಹಂದಿ, ನವಿಲುಗಳಿವೆ. ಕಾಡಿನ ಅಂಚಿಗೆ ಜಾಲಿ, ಸೀಗೆ ಮೆಳೆ, ಲಂಟಾನ. ಅದಕ್ಕೆ ತಾಗಿದಂತೆ ರಾಗಿ ಹೊಲ, ಹುಣಸೆ, ಮಾವು, ತೆಂಗು. ಗುಬ್ಬಿಯ ಕಡೆ ಹೋದಂತೆ ತೆಂಗಿನ ಜತೆ ಅಡಿಕೆ ದಟ್ಟವಾಗುತ್ತದೆ. ಕುಣಿಗಲ್‌ನಲ್ಲಿ ಕೆರೆ ಬಯಲು, ಜತೆಗೆ ಹೆಸರಾಂತ ಕುದುರೆ ಫಾರಂ. ಇಷ್ಟು ಬಗೆಯ ನೆಲ ಒಂದು ದಿನದ ಓಡಾಟದೊಳಗೇ ಇರುವುದರಿಂದ ಇಲ್ಲಿನ ಕಮ್ಮಾರರು ಒಂದೇ ಅಳತೆಯ ಅಲಗನ್ನು ತಟ್ಟಿ ಕೂರುವಂತಿಲ್ಲ.

ಕಬ್ಬಿಣ

ಈ ಸೀಮೆಗೆ ಅಲಗು ಹೊರಗಿನಿಂದ ಬಂದದ್ದಲ್ಲ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಧುಗಿರಿ, ಚನ್ನರಾಯನದುರ್ಗ, ಹಾಗಲವಾಡಿ, ದೇವರಾಯನದುರ್ಗ ಸೀಮೆಗಳಲ್ಲಿ ಕಬ್ಬಿಣ ಕರಗಿಸುತ್ತಿದ್ದುದನ್ನು ದಾಖಲಿಸಿದ್ದಾನೆ. ಅವನ ಪ್ರವಾಸ ಕಥನ ಅಚ್ಚಾದದ್ದು 1807ರಲ್ಲಿ. ಮಧುಗಿರಿಯ ಕಡೆ ಮಳೆಗಾಲದ ತೊರೆಗಳು ಬಂಡೆಗಳಿಂದ ಕೊಚ್ಚಿ ತರುತ್ತಿದ್ದ ಕಪ್ಪು ಮರಳೇ ಅದಿರು. ಹಾಗಲವಾಡಿ, ದೇವರಾಯನದುರ್ಗಗಳ ಕಡೆ ಬಳಸುತ್ತಿದ್ದುದು ಗುಡ್ಡದಿಂದ ಅಗೆದ ಕಲ್ಲು. ಅದು ಸಿಗುತ್ತಿದ್ದ ಜಾಗ ಮೂಗನಾಯಕನಕೋಟೆಯ ಹತ್ತಿರದ ಗುಡ್ಡ. ಆ ಊರು ಇಂದು ಗುಬ್ಬಿ ತಾಲ್ಲೂಕಿನಲ್ಲಿದೆ.

ಉಕ್ಕು ಮಾಡುವ ವಿಧಾನವನ್ನೂ ಬುಕಾನನ್ ಬರೆದಿಟ್ಟಿದ್ದಾನೆ. ಮೆದು ಕಬ್ಬಿಣದ ತುಂಡನ್ನು ತಂಗಡಿ ಕಡ್ಡಿ, ಹಸಿರೆಲೆಗಳ ಜತೆ ಮಣ್ಣಿನ ಮೂಸೆಯಲ್ಲಿಟ್ಟು ಬಾಯಿ ಮುಚ್ಚಿ ಕುಲುಮೆಯಲ್ಲಿ ಕಾಯಿಸುತ್ತಿದ್ದರು. ಸೊಪ್ಪು ಕಡ್ಡಿಗಳ ಇಂಗಾಲ ಕಬ್ಬಿಣಕ್ಕೆ ಸೇರಿ ಉಕ್ಕಾಗುತ್ತಿತ್ತು. ಕಲ್ಲುಕುಟಿಗರ ಉಳಿ, ಖಡ್ಗದ ಅಲಗು, ತಂತಿವಾದ್ಯದ ತಂತಿ ಇವೆಲ್ಲ ಆ ಉಕ್ಕಿನವು. ಉಕ್ಕು ದುಬಾರಿ, ಕಬ್ಬಿಣ ಅಗ್ಗ. ದುಬಾರಿ ಲೋಹದಿಂದ ದೊಡ್ಡ ಅಲಗನ್ನು ಪೂರ್ತಿಯಾಗಿ ಮಾಡುವುದು ರೈತನ ಕೈಗೆ ನಿಲುಕುವ ಮಾತಾಗಿರಲಿಲ್ಲ.

ಇಂದಿನ ಮಚ್ಚಿಗೆ ಮೂಲದ್ರವ್ಯ ಲಾರಿಯ ಕಮಾನು ಪಟ್ಟಿ. ಇದರಲ್ಲಿ ಇಂಗಾಲ ಸುಮಾರು 0.5ರಿಂದ 0.6 ಶೇಕಡ. ಬಾಗಿದರೂ ಮುರಿಯದ ಗುಣ ಮೊದಲೇ ಇರುವ ಈ ಉಕ್ಕು ಏಟು ತಾಳುವ ದೊಡ್ಡ ಅಲಗಿಗೆ ಹೇಳಿ ಮಾಡಿಸಿದಂತಿದೆ. ತೆಳ್ಳಗಿನ ಚಾಕುವಿಗೆ ಇಂಗಾಲ ಇನ್ನೂ ಹೆಚ್ಚಿದ್ದರೆ ಮೇಲು. ಹಳೆಯ ಅರ, ಗರಗಸದ ಪಟ್ಟಿಗಳನ್ನು ಚಾಕುವಾಗಿ ತಿದ್ದುವ ರೂಢಿ ಬೆಳೆದದ್ದು ಇದೇ ಕಾರಣಕ್ಕೆ.

ಬೇಟೆಯಲ್ಲಿ ಚಾಕುವಿನ ಪಾಲು

ಬೇಟೆಗಾರ ಚಾಕುವಿನಿಂದ ಪ್ರಾಣಿಯನ್ನು ಕೊಲ್ಲುತ್ತಾನೆ ಎಂಬುದು ಸಿನಿಮಾದವರು ಹುಟ್ಟಿಸಿದ ನಂಬಿಕೆ. ಕನ್ನಡ ನಾಡಿನ ಬೇಟೆಯ ದಾಖಲೆಗಳಲ್ಲಿ ಮುಂದಿರುವುದು ಬಿಲ್ಲು, ಈಟಿ, ಬಲೆ, ನಾಯಿ. ಸುಮಾರು 949ರ ಆತಕೂರು ಶಾಸನವನ್ನೇ ನೋಡಬಹುದು. ಗಂಗ ಅರಸ ಬೂತುಗನಿಂದ ಅವನ ಯೋಧ ಮಣಲೆರ ಬೇಡಿ ಪಡೆದ ಕಾಳಿ ಎಂಬ ನಾಯಿಯನ್ನು ದೊಡ್ಡ ಹಂದಿಯ ಮೇಲೆ ಬಿಡಲಾಯಿತು, ನಾಯಿಯೂ ಹಂದಿಯೂ ಒಂದನ್ನೊಂದು ಕೊಂದವು. ಮಂಡ್ಯ ಸೀಮೆಯ ಆ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸ ಬೇಟೆಗೆ ಒಂದು ಭಾಗವನ್ನೇ ಮೀಸಲಿಟ್ಟಿದೆ. ಹಂದಿಯ ಮಾಂಸವನ್ನು ಹಸನು ಮಾಡಿ ತುಂಡರಿಸಿ ಬೇಯಿಸುವ ಬಗೆ ಬರುವುದು ಅಡುಗೆಯ ಭಾಗದಲ್ಲಿ. ಅಲಗಿನ ಕೆಲಸ ಶುರುವಾಗುವುದೂ ಅಲ್ಲೇ, ಪ್ರಾಣಿ ಬಿದ್ದ ಮೇಲೆ.

ಬಿದ್ದ ಪ್ರಾಣಿಯ ಮೇಲಿನ ಕೆಲಸ ನಾಜೂಕಿನದು. ಹೊಟ್ಟೆ ಸೀಳುವಾಗ ಅಲಗಿನ ತುದಿ ಒಂದೆಳೆ ಆಳಕ್ಕಿಳಿದರೂ ಕರುಳು ತೂತಾಗಿ ಮಾಂಸ ಕೆಡುತ್ತದೆ. ತೋರುಬೆರಳನ್ನು ಅಲಗಿನ ಬೆನ್ನ ಮೇಲೆ ಚಾಚಿ, ತುದಿ ಎಲ್ಲಿದೆಯೆಂದು ಕಣ್ಣಿಲ್ಲದೆಯೂ ಬೆರಳಿಗೇ ತಿಳಿಯುವಂತೆ ಕೊಯ್ಯಬೇಕು. ಬೆರಳು ನಿಲುಕುವುದು ಮೂರೂವರೆ, ನಾಲ್ಕು ಅಂಗುಲದವರೆಗೆ ಮಾತ್ರ. ಹೀಗಾಗಿ ಜಗತ್ತಿನ ಬೇರೆ ಬೇರೆ ಮೂಲೆಯ ಸುಲಿಯುವ ಚಾಕುಗಳ ಅಳತೆ ಹತ್ತಿರ ಹತ್ತಿರ ಒಂದೇ ಆಗಿದೆ. ಫಿನ್‌ಲ್ಯಾಂಡಿನ ಪುಕ್ಕೊ ಚಾಕುವಿನ ಅಲಗು ಹತ್ತು ಸೆಂಟಿಮೀಟರಿನ ಆಸುಪಾಸು. ಅಮೆರಿಕದ ಜಾರ್ಜ್ ವಾಷಿಂಗ್ಟನ್ ಸಿಯರ್ಸ್ ‘ನೆಸ್‌ಮಕ್’ ಎಂಬ ಹೆಸರಿನಲ್ಲಿ 1884ರಲ್ಲಿ ಬರೆದ ಕಾಡುವಾಸದ ಪುಸ್ತಕದಲ್ಲಿ ಒಂದು ಕಿರುಗೊಡಲಿ, ಒಂದು ತೆಳು ಅಲಗಿನ ಗಿಡ್ಡ ಚಾಕು, ಒಂದು ಮಡಿಚುವ ಚಾಕು ಸಾಕೆಂದ. ಅವನ ಕಾಲದ ಅಮೆರಿಕದಲ್ಲಿ ಉದ್ದನೆಯ ಬೋಯಿ ಚಾಕುವಿನ ಗೀಳು ಜೋರಾಗಿತ್ತು, ಅದು ಅವನಿಗೆ ಹಿಡಿಸಿರಲಿಲ್ಲ.

ಗುಡ್ಡೆ ಬಾಡು

ಬೇಟೆಯ ಚಾಕುವಿನ ಅಳತೆಯನ್ನು ಇಂದು ಕಾನೂನು ಮೀರದೆ ಕಣ್ಣಾರೆ ನೋಡಬೇಕಾದರೆ ಯುಗಾದಿಯ ಮರುದಿನದ ಹೊಸತೊಡಕಿಗೆ ತುಮಕೂರು ಸೀಮೆಯ ಯಾವುದಾದರೂ ಹಳ್ಳಿಗೆ ಬರಬೇಕು. ಹಳೇ ಮೈಸೂರಿನ ಹಲವೆಡೆ ಆ ದಿನ ಊರ ಗಂಡಸರೆಲ್ಲ ಬೇಟೆಗೆ ಹೊರಡುವ ವಾಡಿಕೆಯಿತ್ತು. ಬೇಟೆ ಬಿಟ್ಟರೂ ಬಾಡು ಬಿಟ್ಟಿಲ್ಲ. ಹತ್ತಾರು ಮನೆಯವರು ಹಣ ಸೇರಿಸಿ ಕುರಿ, ಮೇಕೆ ಕೊಂಡು, ಬೆಳಗಿನ ಜಾವ ಕಡಿದು, ಮಾಂಸ, ಈರಲು, ಬೋಟಿ, ಮೂಳೆ ಎಲ್ಲವೂ ಎಲ್ಲರಿಗೂ ಬರುವಂತೆ ಸಮನಾದ ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರೆ. ಇದೇ ಗುಡ್ಡೆ ಬಾಡು.

ಅಲ್ಲಿ ಕೈ ಬದಲಾಗುವ ಅಲಗುಗಳ ಕ್ರಮವನ್ನು ಗಮನಿಸಬೇಕು. ಕುರಿಯನ್ನು ಹಿಂಗಾಲು ಕಟ್ಟಿ ಕೊಂಬೆಗೆ ನೇತುಹಾಕುತ್ತಾರೆ. ಕಾಲಿನ ಸುತ್ತ, ತೊಡೆಯ ಒಳಗೆ, ಎದೆಯ ಮೇಲೆ ಗೆರೆ ಕೊಯ್ಯುವುದು ಗಿಡ್ಡ ಚಾಕು. ಅಲ್ಲಿಂದಾಚೆ ತೊಗಲನ್ನು ಬಿಡಿಸುವುದು ಬಹುಮಟ್ಟಿಗೆ ಮುಷ್ಟಿ. ಬೆರಳ ಗೆಣ್ಣುಗಳನ್ನು ತೊಗಲಿಗೂ ಮಾಂಸಕ್ಕೂ ನಡುವೆ ಒತ್ತಿ ಜಾರಿಸಿದರೆ ತೊಗಲು ಅಂಗಿ ಕಳಚಿದಂತೆ ಬರುತ್ತದೆ. ಚಾಕುವನ್ನು ಎಷ್ಟು ಕಡಿಮೆ ಬಳಸಿದರೆ ತೊಗಲಿಗೆ ಅಷ್ಟು ಬೆಲೆ, ಕಚ್ಚು ಬಿದ್ದ ತೊಗಲನ್ನು ವ್ಯಾಪಾರಿ ಕೇಳುವುದಿಲ್ಲ. ಕೀಲುಗಳನ್ನು ಬಿಡಿಸುವುದೂ ಗಿಡ್ಡ ಚಾಕುವೇ. ಸಂದು ಎಲ್ಲಿದೆಯೆಂದು ಬಲ್ಲ ಕೈಗೆ ಮೂಳೆ ಕಡಿಯುವ ಅಗತ್ಯ ಬೀಳದು. ಬೆನ್ನುಮೂಳೆ, ಪಕ್ಕೆಲುಬುಗಳ ಸರದಿ ಬಂದಾಗಲಷ್ಟೇ ಮಚ್ಚು. ಕೆಳಗೆ ಹುಣಸೆ ಮರದ ಕೊರಡು, ಏಕೆಂದರೆ ಹುಣಸೆ ಗಟ್ಟಿ, ಸುಲಭವಾಗಿ ಸಿಬಿರೇಳದು. ಕೊನೆಗೆ ಮನೆಯೊಳಗೆ ಹೆಂಗಸರು ಈಳಿಗೆಮಣೆಯ ಮೇಲೆ ಸಣ್ಣ ತುಂಡು ಮಾಡುತ್ತಾರೆ.

ಇಡೀ ಕುರಿಗೆ ಆರೇಳು ಅಂಗುಲದ ಚಾಕು ಬೇಕಾಗುವ ಘಟ್ಟ ಎಲ್ಲೂ ಬರುವುದಿಲ್ಲ.

ಗಿಡ್ಡ ಚಾಕುವಿನ ಲಕ್ಷಣ

ಅಲಗಿನ ಉದ್ದ ಮೂರರಿಂದ ನಾಲ್ಕೂವರೆ ಅಂಗುಲ, ಎಂದರೆ 75ರಿಂದ 115 ಮಿಲಿಮೀಟರ್. ಬೆನ್ನಿನ ದಪ್ಪ ಎರಡರಿಂದ ಮೂರು ಮಿಲಿಮೀಟರ್ ದಾಟಬಾರದು. ದಪ್ಪವಾದರೆ ಅಲಗು ಕೊಯ್ಯುವ ಬದಲು ಸೀಳುತ್ತದೆ. ಸುಲಿಯುವುದಕ್ಕೆ ಬಾಯಿ ತುದಿಯ ಕಡೆ ಹೊಟ್ಟೆಯಂತೆ ಉಬ್ಬಿರಬೇಕು. ಹಗ್ಗ, ಹಣ್ಣು, ಬಿದಿರ ಸಿಬಿರುಗಳಿಗೆ ನೇರ ಬಾಯಿ ವಾಸಿ. ಮೀನಿಗೆ ಮಾತ್ರ ಈ ಅಳತೆ ಸ್ವಲ್ಪ ಸಡಿಲ: ಕೆರೆಯ ಕಾಟ್ಲಾ, ರೋಹುಗಳ ಮಾಂಸವನ್ನು ಮುಳ್ಳಿನಿಂದ ಬಿಡಿಸಲು ಬಾಗುವಂಥ ತೆಳು ಅಲಗು ಆರು ಅಂಗುಲವಿದ್ದರೂ ಸರಿಯೇ. ಮೀನನ್ನು ಮುಳ್ಳು ಸಮೇತ ತುಂಡು ಮಾಡುವ ನಮ್ಮ ಸಾರಿಗೆ ಅದರ ಅಗತ್ಯವೂ ಇಲ್ಲ, ಈಳಿಗೆಯೇ ಸಾಕು.

ಬಾಯಿಯ ಕೋನವೂ ಅಳತೆಯ ಒಂದು ಭಾಗ. ಚಾಕುವಿನ ಬಾಯಿಯನ್ನು ಒಂದೊಂದು ಬದಿಗೆ 15ರಿಂದ 20 ಡಿಗ್ರಿಗೆ ಮಸೆದರೆ ನವಿರಾಗಿ ಕೊಯ್ಯುತ್ತದೆ. ಅದೇ ಕೋನವನ್ನು ಮಚ್ಚಿಗೆ ಕೊಟ್ಟರೆ ಮೊದಲ ಜಾಲಿ ಕೊಂಬೆಗೇ ಬಾಯಿ ಹಲ್ಲು ಬೀಳುತ್ತದೆ. ಮಚ್ಚಿಗೆ 25 ಡಿಗ್ರಿಯ ಹತ್ತಿರ, ಅದೂ ಚಪ್ಪಟೆಯಾಗಿರದೆ ಸ್ವಲ್ಪ ಉಬ್ಬಿದ ಇಳಿಜಾರು ಬೇಕು.

ಅಡಿಕೆ ಸುಲಿಯುವವರ ಅಲಗು ಚಿಕ್ಕ ಗಾತ್ರದ ಮತ್ತೊಂದು ಉದಾಹರಣೆ. ಗುಬ್ಬಿಯ ತೋಟದ ಮನೆಗಳಲ್ಲಿ ಹಸಿ ಅಡಿಕೆ ಸುಲಿಯುವ ಹೆಂಗಸರ ಅಲಗು ಬೆರಳುದ್ದದ ಆಸುಪಾಸು. ದಿನಕ್ಕೆ ಸಾವಿರಾರು ಕಾಯಿ ಬಿಡಿಸುವ ಕೈಗೆ ಒಂದು ಅಂಗುಲ ಹೆಚ್ಚಾದರೂ ಮಣಿಕಟ್ಟು ಸೋಲುತ್ತದೆ. ಅಡಿಕೆಯ ಚೊಗರು ಕಬ್ಬಿಣದ ಜತೆ ಸೇರಿ ಅಲಗನ್ನೂ ಬೆರಳನ್ನೂ ಕಪ್ಪಾಗಿಸುತ್ತದೆ. ಆ ಕಪ್ಪು ತುಕ್ಕಲ್ಲ, ಉಜ್ಜಿ ತೆಗೆಯುವ ಹಟ ಬೇಡ. ಕುಣಿಗಲ್‌ನ ಕುದುರೆಗಳ ಮಟ್ಟಿಗೂ ಇದೇ ಮಾತು. ಲಾಳ ಕಟ್ಟುವವರು ಗೊರಸು ಕೆತ್ತುವ ಚಾಕು ಗಿಡ್ಡದು, ತುದಿ ಒಳಕ್ಕೆ ಸುರುಳಿಯಾದದ್ದು. ಪ್ರಾಣಿಯ ಕಾಲನ್ನು ತೊಡೆಯ ನಡುವೆ ಹಿಡಿದು ಮಾಡುವ ಕೆಲಸಕ್ಕೆ ಚೂಪು ತುದಿಯ ಉದ್ದನೆಯ ಅಲಗು ಇಬ್ಬರಿಗೂ ಅಪಾಯ.

ಮಚ್ಚು

ಮಚ್ಚಿನ ಗುಣ ಏಟಿನಲ್ಲಿದೆ. ಏಟಿನ ಶಕ್ತಿ ತೂಕ ಏರಿದಷ್ಟೇ ಏರುತ್ತದೆ, ಆದರೆ ವೇಗ ಎರಡು ಪಟ್ಟಾದರೆ ಅದು ನಾಲ್ಕು ಪಟ್ಟಾಗುತ್ತದೆ. ಉದ್ದನೆಯ ಅಲಗಿನ ತುದಿ ವೇಗವಾಗಿ ಬೀಸುವುದರಿಂದ, ತೂಕ ಹೆಚ್ಚಿಸುವುದಕ್ಕಿಂತ ಉದ್ದ ಹೆಚ್ಚಿಸಿದರೆ ಲಾಭ ಹೆಚ್ಚು. ಈ ಲಾಭಕ್ಕೂ ಒಂದು ಎಲ್ಲೆಯಿದೆ. ಒಂದು ಮೊಳ, ಅಂದರೆ 18 ಅಂಗುಲದ ಹತ್ತಿರ ಹೋದರೆ ಮಣಿಕಟ್ಟು ದಣಿಯುತ್ತದೆ, ಪೊದೆಯೊಳಗೆ ಬೀಸಲು ಜಾಗ ಸಾಲದು, ಗುರಿ ತಪ್ಪಿದ ಏಟು ಮೊಣಕಾಲಿಗೆ ಬರುತ್ತದೆ. ಲ್ಯಾಟಿನ್ ಅಮೆರಿಕದ ಕಬ್ಬಿನ ಗದ್ದೆಗಳಲ್ಲಿ 18 ಅಂಗುಲದ ಮಷೇಟಿ ನಡೆಯುತ್ತದೆ, ಏಕೆಂದರೆ ಅಲ್ಲಿ ಕಡಿಯುವುದು ಮೆದು ಕಾಂಡ, ಅಲಗು ತೆಳು ತಗಡಿನಂಥದ್ದು. ನಮ್ಮ ಜಾಲಿ, ಹುಣಸೆ, ಹೊಂಗೆಗಳ ಗಟ್ಟಿ ಕೊಂಬೆಗೆ ಅದು ಬಳುಕಿ ಪುಟಿಯುತ್ತದೆ. ನೇಪಾಳದ ಖುಕ್ರಿ ಹತ್ತರಿಂದ ಹನ್ನೆರಡು ಅಂಗುಲದ್ದಾಗಿದ್ದು ತುದಿಯ ಕಡೆ ಅಗಲ, ತೂಕ ಎರಡನ್ನೂ ತುಂಬಿಕೊಂಡಿದೆ. ಗುಡ್ಡಗಾಡಿನ ಗಟ್ಟಿ ಮರಕ್ಕೆ ಅದು ಬೇರೆಯೇ ದಾರಿಯಲ್ಲಿ ಕಂಡುಕೊಂಡ ಉತ್ತರ.

ಈ ಸೀಮೆಯ ಮಚ್ಚಿನ ಅಲಗು ಸಾಮಾನ್ಯವಾಗಿ ಹತ್ತರಿಂದ ಹದಿನಾಲ್ಕು ಅಂಗುಲ, ಬೆನ್ನಿನ ದಪ್ಪ ನಾಲ್ಕರಿಂದ ಆರು ಮಿಲಿಮೀಟರ್. ಈ ಅಳತೆಯಲ್ಲೂ ಕಸುಬಿಗೆ ತಕ್ಕ ಭೇದಗಳಿವೆ. ರಸ್ತೆ ಬದಿಯಲ್ಲಿ ಎಳನೀರು ಕೆತ್ತುವವನದು ಅಗಲವಾದ, ತೂಕದ, ನೇರ ಬಾಯಿಯ ಮಚ್ಚು. ಅವನು ನಿಂತಲ್ಲೇ ಕೆಲಸ ಮಾಡುವುದರಿಂದ ತೂಕ ಅವನ ಪಾಲಿಗೆ ನೆರವೇ ಹೊರತು ಹೊರೆಯಲ್ಲ. ತೆಂಗಿನ ಮರ ಹತ್ತುವವನ ಲೆಕ್ಕ ಬೇರೆ: ಹತ್ತಾರು ಅಡಿ ಮೇಲೆ ಒಂದೇ ಕೈಯಲ್ಲಿ ಗರಿ, ಗೊನೆ ಸವರಬೇಕು, ಉಳಿದ ಹೊತ್ತು ಅದು ಸೊಂಟದ ಹಿಂದೆ ಸಿಕ್ಕಿಸಿದ್ದು ತೊಡೆಗೆ ತಾಗದಂತಿರಬೇಕು. ಅವನು ಆರಿಸುವುದು ಒಂದು ಗೇಣಿನ ಆಸುಪಾಸಿನದು. ಬೇಲಿ ಸವರುವವನಿಗೆ ತುದಿ ಕೊಕ್ಕಿನಂತೆ ಬಾಗಿರಬೇಕು, ಸೀಗೆ, ಲಂಟಾನಗಳಿಗೆ ಕೈ ಹಾಕದೆ ಕೊಕ್ಕಿನಿಂದ ಎಳೆದುಕೊಂಡು ಕಡಿಯಬಹುದು. ಎತ್ತರದ ಕೊಂಬೆಗೆ ದೋಟಿಗೆ ಕಟ್ಟಿದ ಕುಡುಗೋಲು. ಅಲ್ಲಿ ಉದ್ದ ಬರುವುದು ಬಿದಿರಿನಿಂದ, ಅಲಗು ಚಿಕ್ಕದೇ ಇದ್ದು ಸಾಕು.

ಕಟ್ಟಿಗೆ ಸೀಳುವುದಕ್ಕೆ ಒಂದು ಸರಳ ಲೆಕ್ಕವಿದೆ. ಅಲಗನ್ನು ಕಟ್ಟಿಗೆಯ ತಲೆಯ ಮೇಲಿಟ್ಟು ಬೆನ್ನಿಗೆ ದೊಣ್ಣೆಯಿಂದ ಹೊಡೆಯುವುದಾದರೆ ಅಲಗು ಕಟ್ಟಿಗೆಯ ದಪ್ಪಕ್ಕಿಂತ ಎರಡು ಅಂಗುಲವಾದರೂ ಉದ್ದವಿರಬೇಕು. ಅಲಗು ಒಳಗಿಳಿದ ಮೇಲೆ ದೊಣ್ಣೆಗೆ ಸಿಗುವುದು ಆಚೆ ಚಾಚಿದ ಆ ತುದಿ ಮಾತ್ರ. ನಾಲ್ಕಂಗುಲದ ಸೌದೆಗೆ ಆರಂಗುಲದ ಅಲಗು. ಆರೇಳು ಅಂಗುಲದ ಚಾಕುವಿಗೆ ನಿಜವಾದ ಉಪಯೋಗವೊಂದಿದ್ದರೆ ಅದು ಇದು. ಕೊಡಲಿಯನ್ನೋ ಮಚ್ಚನ್ನೋ ಒಯ್ಯಲಾಗದ ಚಾರಣಿಗ, ಸೈನಿಕರಿಗೆ ಈ ನಡುಗಾತ್ರ ಹೊಂದಿದ್ದೂ ಇದೇ ಕಾರಣಕ್ಕೆ. ಮನೆಯ ಗೋಡೆಗೆ ಮಚ್ಚು ಸಿಕ್ಕಿಸಿರುವವನಿಗೆ ಅದು ಬೇಡ.

ಇನ್ನು ‘ಲಾಂಗು’. ‘ಓಂ’ (1995), ‘ಜೋಗಿ’ (2005) ಚಿತ್ರಗಳ ನಂತರ ಮನೆಮಾತಾದ ಈ ಉದ್ದನೆಯ ಅಲಗಿಗೆ ತೋಟದಲ್ಲಾಗಲಿ, ಕಾಡಿನಲ್ಲಾಗಲಿ ಯಾವ ಕೆಲಸವೂ ಇಲ್ಲ.

ಹದ

ಒಂದೇ ಪಟ್ಟಿಯಿಂದ ತಟ್ಟಿದರೂ ಚಿಕ್ಕ ಅಲಗಿಗೂ ದೊಡ್ಡದಕ್ಕೂ ಹದ ಒಂದೇ ಅಲ್ಲ. ಕೆಂಪಗೆ ಕಾಯಿಸಿ ನೀರಿಗೋ ಎಣ್ಣೆಗೋ ಅದ್ದಿದ ಉಕ್ಕು ಗಾಜಿನಷ್ಟು ಪೆಡಸು. ಮತ್ತೆ ಹಗುರವಾಗಿ ಕಾಯಿಸಿದರೆ ಪೆಡಸು ಇಳಿಯುತ್ತದೆ. ಉಜ್ಜಿ ಹೊಳಪು ಬರಿಸಿದ ಅಲಗಿನ ಮೇಲೆ ಆಗ ಬಣ್ಣ ಓಡುತ್ತದೆ: 220 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, 300ರ ಹತ್ತಿರ ನೀಲಿ. ಚಾಕುವನ್ನು ಹಳದಿಯಲ್ಲೇ ನಿಲ್ಲಿಸಬೇಕು, ಮಚ್ಚನ್ನು ನೀಲಿಯವರೆಗೆ ಬಿಡಬೇಕು. ಕಾರ್ಖಾನೆಯ ಭಾಷೆಯಲ್ಲಿ ಹೇಳುವುದಾದರೆ ಒಳ್ಳೆಯ ಚಾಕುವಿನ ಗಡಸು ರಾಕ್‌ವೆಲ್ ಮಾನದಲ್ಲಿ 56ರಿಂದ 60, ಕಡಿಯುವ ಅಲಗಿನದು 50ರ ಆಚೆ ಈಚೆ. ಥರ್ಮಾಮೀಟರಿಲ್ಲದೆ, ಮಸುಕು ಬೆಳಕಿನ ಕುಲುಮೆಯಲ್ಲಿ ಬಣ್ಣ ನೋಡಿ ಈ ವ್ಯತ್ಯಾಸ ಹಿಡಿಯುವ ಕಮ್ಮಾರನ ವಿದ್ಯೆಗೆ ನಮ್ಮಲ್ಲಿ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ.

ಗಟ್ಟಿ ಹದದ ದೊಡ್ಡ ಮಚ್ಚು ಕಲ್ಲಿಗೆ ತಾಗಿದರೆ ಚಕ್ಕೆ ಹಾರಿ ಕಣ್ಣಿಗೆ ಬೀಳಬಹುದು. ಮೆತ್ತಗಿನದು ಬರೀ ಮೊಂಡಾಗುತ್ತದೆ, ಮಸೆದರೆ ಸರಿಹೋಯಿತು.

ಕಾನೂನಿನ ಅಳತೆ

1959ರ ಆಯುಧ ಕಾಯಿದೆಯಡಿಯ ನಿಯಮಗಳು ಒಂಬತ್ತು ಅಂಗುಲಕ್ಕಿಂತ ಉದ್ದದ ಅಥವಾ ಎರಡು ಅಂಗುಲಕ್ಕಿಂತ ಅಗಲದ ಅಲಗುಗಳನ್ನು ಖಡ್ಗ, ಕಠಾರಿ, ಭರ್ಜಿಗಳ ಸಾಲಿನಲ್ಲಿಡುತ್ತವೆ. ಕೇಂದ್ರ ಸರಕಾರ ಅಧಿಸೂಚನೆ ಹೊರಡಿಸಿದ ಪ್ರದೇಶಗಳಲ್ಲಿ ಇವಕ್ಕೆ ಪರವಾನಗಿ ಬೇಕು. ಒಂಬತ್ತು ಅಂಗುಲವೆಂದರೆ ಸರಿಸುಮಾರು ಒಂದು ಗೇಣು. ಈ ಸೀಮೆಯ ಹೆಚ್ಚಿನ ಮಚ್ಚುಗಳು ಉದ್ದದಲ್ಲೋ ಅಗಲದಲ್ಲೋ ಈ ಮಿತಿಯನ್ನು ದಾಟುತ್ತವೆ. ಅವನ್ನು ಉಳಿಸುವುದು ಅದೇ ನಿಯಮದ ಇನ್ನೊಂದು ಮಾತು: ಮನೆಗೆಲಸ, ಬೇಸಾಯ, ವಿಜ್ಞಾನ, ಕೈಗಾರಿಕೆಗಳಿಗೆಂದು ಮಾಡಿದ ಅಲಗುಗಳಿಗೆ ಇದು ಅನ್ವಯಿಸದು. ತೋಟಕ್ಕೆ ಹೋಗುವವನ ಸೊಂಟದ ಮಚ್ಚು ಬೇಸಾಯದ ಸಲಕರಣೆ. ಅದೇ ಅಳತೆಯ, ಇಬ್ಬದಿಯೂ ಹರಿತವಾದ ಅಲಗು ಕಾರಿನ ಸೀಟಿನಡಿ ಸಿಕ್ಕರೆ ಉತ್ತರ ಹೇಳುವುದು ಕಷ್ಟ. ಚಾರಣಕ್ಕೆ ಚಾಕು ಕೊಳ್ಳುವವರು ಗೇಣಿನೊಳಗೆ ಇರುವುದು ಈ ನಿಯಮದ ಮಟ್ಟಿಗೆ ಕ್ಷೇಮ.

ಕೊಡಗಿನ ಸ್ಥಿತಿ ಬೇರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ಆಯುಧ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲಿಯೂ ಅಲಗು ಎರಡು ಎಂಬುದನ್ನು ಗಮನಿಸಬೇಕು: ಸೊಂಟದ ಮುಂದೆ ಚೇಲೆ ಎಂಬ ನಡುಪಟ್ಟಿಗೆ ಸಿಕ್ಕಿಸುವ ಗಿಡ್ಡ ಪೀಚೆಕತ್ತಿ, ಬೆನ್ನ ಹಿಂದಿನ ಕೊಕ್ಕೆಯಾದ ತೋಡಂಗ್‌ಗೆ ಸಿಕ್ಕಿಸುವ ಅಗಲ ಬಾಯಿಯ ಒಡಿಕತ್ತಿ. ಇಂದು ಎರಡೂ ಮದುವೆ, ಹಬ್ಬಗಳ ಉಡುಗೆಯ ಭಾಗ. ಕೈಲ್ ಪೊಳ್ದ್ ಹಬ್ಬದ ದಿನ ಕೋವಿಯ ಜತೆ ಇವಕ್ಕೂ ಪೂಜೆ.

ಬೇಟೆಯ ಮಟ್ಟಿಗೆ ಅಳತೆಯ ಪ್ರಶ್ನೆಯೇ ಏಳುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ನಿಷೇಧಿಸಿತು. ಪರವಾನಗಿ ಪಡೆದು ಬೇಟೆಯಾಡಲು ಆಗ ಉಳಿದಿದ್ದ ಕಂಡಿಯನ್ನು 1991ರ ತಿದ್ದುಪಡಿ ಮುಚ್ಚಿತು. ಊರ್ಡಿಗೆರೆಯ ರೈತನ ಕಡಲೆಕಾಯಿ ಹೊಲಕ್ಕೆ ನುಗ್ಗುವ ಹಂದಿಯೂ, ಬೇಲಿಯಂಚಿನ ಮೊಲವೂ ಈ ಕಾಯಿದೆಯ ರಕ್ಷಣೆಯಲ್ಲಿವೆ. ಇನ್ನೊಂದು ಅಂಶವನ್ನು ಚಾರಣಿಗರು ಸಾಮಾನ್ಯವಾಗಿ ಅರಿತಿರುವುದಿಲ್ಲ. ಈ ಕಾಯಿದೆಯಲ್ಲಿ ‘ಆಯುಧ’ದ ಪಟ್ಟಿಯಲ್ಲಿ ಬಂದೂಕು, ಬಿಲ್ಲು ಬಾಣ, ಉರುಳುಗಳ ಜತೆ ಚಾಕುವೂ ಇದೆ, ಉದ್ದದ ಮಿತಿಯಿಲ್ಲ. ಅನುಮತಿಯಿಲ್ಲದೆ ಆಯುಧದೊಡನೆ ಅಭಯಾರಣ್ಯ ಹೊಗುವಂತಿಲ್ಲ. ದೇವರಾಯನದುರ್ಗ ಅಭಯಾರಣ್ಯವಲ್ಲ, ರಾಜ್ಯ ಅರಣ್ಯ. ಆದರೂ ಅಲ್ಲಿ ಮರದ ಕೊಂಬೆ ಕಡಿಯುವುದು 1963ರ ಕರ್ನಾಟಕ ಅರಣ್ಯ ಕಾಯಿದೆಯಡಿ ಅಪರಾಧ. ಎಂದಮೇಲೆ ಬೆಟ್ಟದಡಿಯ ನಾಮದ ಚಿಲುಮೆಗೋ ದುರ್ಗದ ನರಸಿಂಹನ ಗುಡಿಗೋ ನಡೆದು ಹೋಗುವವರಿಗೆ ಮಚ್ಚಿನಿಂದ ಆಗಬೇಕಾದ್ದು ಏನೂ ಇಲ್ಲ. ಬುತ್ತಿಯ ಜತೆ ಹಣ್ಣು ಹೆಚ್ಚುವ ಮಡಿಚುವ ಚಾಕು ಸಾಕು. (ಆ ಬೆಟ್ಟದ ದೇವರು ಉಗುರಿನಲ್ಲೇ ಕೆಲಸ ಮುಗಿಸಿದವನು.)

ಪ್ರಾಣಿಭಯಕ್ಕೆಂದು ದೊಡ್ಡ ಅಲಗು ಹಿಡಿಯುವುದು ಇನ್ನೊಂದು ತಪ್ಪು ಲೆಕ್ಕ. 2019ರ ಕೊನೆ, 2020ರ ಆರಂಭದ ತಿಂಗಳುಗಳಲ್ಲಿ ಹೆಬ್ಬೂರು, ಗುಬ್ಬಿ, ಕುಣಿಗಲ್ ಸುತ್ತ ಚಿರತೆ ದಾಳಿಗೆ ಜನ ಬಲಿಯಾದಾಗ ಮಚ್ಚಿಲ್ಲದೆ ಹೊಲಕ್ಕೆ ಹೋಗಲು ಜನ ಹೆದರಿದ್ದು ಸಹಜವೇ. ಆದರೆ ಮಚ್ಚಿನ ಏಟು ತಾಗುವಷ್ಟು ಹತ್ತಿರಕ್ಕೆ ಚಿರತೆಯೋ ಕರಡಿಯೋ ಬಂದಿದ್ದರೆ ಅದರ ಪಂಜವೂ ತಾಗುವಷ್ಟು ಹತ್ತಿರದಲ್ಲಿರುತ್ತದೆ. ಹತ್ತು ಅಂಗುಲವಿದ್ದರೂ ಹದಿನಾಲ್ಕಿದ್ದರೂ ಆ ಲೆಕ್ಕ ಬದಲಾಗದು. ಜತೆಗೊಬ್ಬರು, ಕೈಯಲ್ಲೊಂದು ಉದ್ದನೆಯ ಕೋಲು, ಕತ್ತಲಾದರೆ ಟಾರ್ಚು, ಬಾಯಲ್ಲಿ ಗಟ್ಟಿಯಾಗಿ ಮಾತು: ಇವು ದಾಳಿಯನ್ನೇ ತಪ್ಪಿಸುವ ಸಾಧನಗಳು.

ಹಿಡಿ, ಒರೆ, ಕೊಳ್ಳುವಿಕೆ

ಅಲಗಿನ ಅಳತೆ ನೋಡುವಷ್ಟು ಜನ ಹಿಡಿಯ ಅಳತೆ ನೋಡುವುದಿಲ್ಲ. ಹಿಡಿ ಅಂಗೈ ಅಗಲಕ್ಕಿಂತ ಒಂದು ಬೆರಳು ಹೆಚ್ಚಿರಬೇಕು, ಸುಮಾರು ನಾಲ್ಕೂವರೆ ಅಂಗುಲ. ಮುಷ್ಟಿ ಮುಚ್ಚಿದಾಗ ಬೆರಳ ತುದಿ ಅಂಗೈಗೆ ತಾಗಿಯೂ ತಾಗದಂತಿದ್ದರೆ ದಪ್ಪ ಸರಿ. ತೆಳು ಹಿಡಿಯ ಮಚ್ಚು ಬೆವರಿದ ಕೈಯಲ್ಲಿ ತಿರುಗಿಬಿಡುತ್ತದೆ. ಗಂಡಸಿನ ಕೈಗೆಂದು ಮಾಡಿದ ಹಿಡಿಯನ್ನು ಹಿಡಿದು ದಿನವಿಡೀ ದುಡಿಯುವ ಹೆಂಗಸರ ಮಣಿಕಟ್ಟು ನೋವಿಗೆ ಅಲಗಿಗಿಂತ ಹಿಡಿಯೇ ಹೆಚ್ಚು ಹೊಣೆ. ಕುಲುಮೆಯಲ್ಲಿ ಹೇಳಿ ಸಣ್ಣ ಹಿಡಿ ಹಾಕಿಸಿಕೊಳ್ಳುವುದು ದೊಡ್ಡ ಖರ್ಚಿನ ಮಾತಲ್ಲ. ಕರಿಜಾಲಿ, ಹುಣಸೆ ಮರಗಳು ಹಿಡಿಗೆ ಒಳ್ಳೆಯವು. ಅಲಗಿನ ಬಾಲ ಹಿಡಿಯ ಕೊನೆಯವರೆಗೂ ಹೊಕ್ಕು ತುದಿಯಲ್ಲಿ ಮಡಿಚಿದ್ದರೆ ಗಟ್ಟಿ. ಅರ್ಧಕ್ಕೇ ನಿಂತ ಬಾಲದ ಮಚ್ಚಿನ ಅಲಗು ಬೀಸಿದ ಏಟಿಗೇ ಕಳಚಿ ಹಾರುವ ಅಪಾಯವಿದೆ.

ಒರೆಯಿಲ್ಲದ ಅಲಗು ಎಷ್ಟೇ ಚಿಕ್ಕದಾದರೂ ಹೊರಗೆ ಒಯ್ಯಲು ಯೋಗ್ಯವಲ್ಲ. ಚಾಕುವಿಗೆ ಚರ್ಮದ ಒರೆ, ಮಚ್ಚಿಗೆ ಒಣಗಿದ ಅಡಿಕೆ ಹಾಳೆಯನ್ನು ಮಡಿಚಿ ದಾರ ಸುತ್ತಿದ್ದೂ ನಡೆಯುತ್ತದೆ. ದ್ವಿಚಕ್ರ ವಾಹನದ ಪಕ್ಕಕ್ಕೆ ಬರೀ ಮಚ್ಚನ್ನು ಸಿಕ್ಕಿಸಿಕೊಂಡು ಹೋಗುವ ದೃಶ್ಯ ಗುಬ್ಬಿ ರಸ್ತೆಯಲ್ಲಿ ಅಪರೂಪವಲ್ಲ. ಬಿದ್ದರೆ ಏನಾದೀತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಕೊಳ್ಳಲು ಬೆಳ್ಳಾವಿಯ ಸಂತೆಯಂಥ ವಾರದ ಸಂತೆಗಳಿವೆ, ಶಿವರಾತ್ರಿ ಹೊತ್ತಿನ ಸಿದ್ಧಗಂಗೆಯ ದನಗಳ ಜಾತ್ರೆಯಿದೆ, ಕುಲುಮೆ ಇನ್ನೂ ಉರಿಯುತ್ತಿರುವ ಊರುಗಳಲ್ಲಿ ಹೇಳಿ ತಟ್ಟಿಸಲೂಬಹುದು. ಸಂತೆಯಲ್ಲಿ ಸಾಲಾಗಿ ಹರಡಿದ ಅಲಗುಗಳಲ್ಲಿ ಕೈ ಮೊದಲು ಹೋಗುವುದು ದೊಡ್ಡದರ ಕಡೆಗೇ. ಮಚ್ಚಾದರೆ ಕೈ ಚಾಚಿ ಹಿಡಿದು ಇಪ್ಪತ್ತು ಎಣಿಸಬೇಕು, ಅಷ್ಟರೊಳಗೆ ತುದಿ ಬಾಗತೊಡಗಿದರೆ ಅದು ಆ ಕೈಗೆ ಭಾರ. ಬೆನ್ನಿನ ನೇರ ನೋಡಲು ಕಣ್ಣಿನ ಮಟ್ಟಕ್ಕೆ ಹಿಡಿಯಬೇಕು. ಬೆರಳ ಗೆಣ್ಣಿನಿಂದ ಅಲಗನ್ನು ತಟ್ಟಿದರೆ ನಾದ ಎಳೆಯಾಗಿ ನಿಲ್ಲಬೇಕು. ಮಂಕಾಗಿ ಸತ್ತರೆ ಎಲ್ಲೋ ಬಿರುಕಿದೆ, ಇಲ್ಲವೇ ಹಿಡಿಯ ಬಳೆ ಸಡಿಲವಾಗಿದೆ. ಚಾಕುವಾದರೆ ತೋರುಬೆರಳನ್ನು ಬೆನ್ನ ಮೇಲೆ ಚಾಚಿ ನೋಡಬೇಕು. ಉಗುರು ತುದಿಯ ಹತ್ತಿರಕ್ಕೆ ಬರದಿದ್ದರೆ ಒಂದು ಅಂಗುಲ ಗಿಡ್ಡದನ್ನು ಕೇಳಬೇಕು.